ಹಗ್ಗ ಹಿಡಿದು ದಡದಲ್ಲಿ ನಿಂತವರು

(ದಾವಣಗೆರೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ನೀರು ಅಂದ ಕೂಡಲೇ ನಮ್ಮ ಊರಿನವರಿಗೆ ನೆನಪಾಗುವುದು ನಲ್ಲಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ ಅನ್ನೋದು. ಆಮೇಲೆ ಭದ್ರಾ ನಾಲೆ. ಬೇಸಿಗೆ ಬೆಳೆಗೆ ನೀರು ಸಿಗುತ್ತೋ ಇಲ್ವೋ, ಕೊನೆ ಭಾಗದ ಗದ್ದೆಗಳಿಗೆ ಮುಟ್ಟುತ್ತೋ ಇಲ್ವೋ. ಹೀಗಿರುವಾಗ ಆಟ ಆಡುವುದಕ್ಕೇ ಅಂತ ಒಂದು ನಾಲೆ ಕಟ್ಟುತ್ತಾರೆ, ಅದರ ತಳಕ್ಕೆ ಬೇಕಂತಲೇ ಬಂಡೆ ಕೂರಿಸುತ್ತಾರೆ, ನೀರು ಕುದ್ದು ನೊರೆ ಏಳಲಿ ಅಂತ ದುಡ್ಡು ಸುರಿಯುತ್ತಾರೆ ಅಂದರೆ ನಮ್ಮ ರೈತರು ನಗುತ್ತಾರೆ. ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ.

ಕೆಲಸದ ಮೇಲೆ ಮೂರು ವರ್ಷ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿದ್ದೆ. ಅದೂ ಒಂಥರಾ ನಮ್ಮೂರೇ. ನಮ್ಮದು ಹತ್ತಿ ಗಿರಣಿಗಳ ಊರು, ಅದು ಲೇಸಿನ ಊರು. ಗಿರಣಿಗಳು ನಿಂತ ಮೇಲೆ ಉಳಿದ ದೊಡ್ಡ ದೊಡ್ಡ ಇಟ್ಟಿಗೆ ಕಟ್ಟಡಗಳು ಅಲ್ಲೂ ಇವೆ. ಊರ ಪಕ್ಕದಲ್ಲಿ ಟ್ರೆಂಟ್ ಅನ್ನೋ ನದಿ. ಅದರ ದಡದಲ್ಲಿ ಹೋಮ್ ಪಿಯರ್‌ಪಾಂಟ್ ಅನ್ನುವ ಜಾಗ. ಅಲ್ಲಿ 1986ರಲ್ಲಿ, ಸಣ್ಣ ದೋಣಿಗಳಲ್ಲಿ ಕೂತು ಇಳಿಯುವ ಆಟಕ್ಕೆ ಅಂತ, ನೊರೆನೀರಿನ ಒಂದು ಕಾಲುವೆ ಮಾಡಿದರು. ಸುಮಾರು 700 ಮೀಟರ್ ಉದ್ದ, ಒಟ್ಟು ಇಳಿಜಾರು ನಾಲ್ಕು ಮೀಟರಿನಷ್ಟು. ಪಂಪ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನದಿಗೆ ಅಡ್ಡ ಇರುವ ಗೇಟುಗಳ ಪಕ್ಕದಿಂದ ನೀರು ತಾನಾಗೇ ಈ ಕಡೆ ತಿರುಗಿ, ಬಂಡೆಗಳ ನಡುವೆ ಹಾದು, ಕೆಳಗೆ ಮತ್ತೆ ನದಿ ಸೇರುತ್ತದೆ. ಲಂಡನ್ ಹತ್ತಿರ 2012ರ ಒಲಿಂಪಿಕ್ಸ್‌ಗೆ ಅಂತ ಕಟ್ಟಿದ ಲೀ ವ್ಯಾಲಿಯಲ್ಲಿ ಹಾಗಲ್ಲ. ಅಲ್ಲಿ ಕೊಳದ ನೀರನ್ನೇ ದೈತ್ಯ ಪಂಪುಗಳು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಡುತ್ತವೆ. ಇಂಥ ಕಾಲುವೆಗಳಿಗೆಲ್ಲ ಹಿರಿಯಣ್ಣ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಮಾಡಿದ್ದು. ಆ ಊರಿನ ಹಳೇ ನೀರಿನ ವ್ಯವಸ್ಥೆಯ ಜೊತೆಗೆ 2019ರಲ್ಲಿ ಅದೂ ಯುನೆಸ್ಕೋ ಪಟ್ಟಿಗೆ ಸೇರಿತು.

ಸರಿ, ಕಾಲುವೆಯ ಕಥೆ ಅಷ್ಟು ಸಾಕು. ನನಗೆ ಹೇಳಬೇಕಾಗಿರುವುದು ಅದರ ದಡದಲ್ಲಿ ಇರುವ ಜನರ ಬಗ್ಗೆ.

ಅದಕ್ಕೆ ಮುಂಚೆ ಒಂದು ಮಾತು. ‘ಸುಳಿ’ ಅಂದರೆ ನಮಗೆ ಭಯ. ಹರಿಹರದಲ್ಲಿ ಅಜ್ಜಿಯರು ಮಕ್ಕಳಿಗೆ ಮೊದಲು ಹೇಳುವುದೇ, ಅಲ್ಲಿ ಸುಳಿ ಇದೆ ಹೋಗಬೇಡ ಅಂತ. ಆದರೆ ಸುಳಿಯಲ್ಲಿ ಎರಡು ಜಾತಿ. ನೀರು ಒಂದು ಅಡ್ಡ ಮೆಟ್ಟಿಲಿನ ಮೇಲಿಂದ ಬಿದ್ದು, ಕೆಳಗೆ ಮಗುಚಿ, ಹಿಂದಕ್ಕೆ ಉರುಳುತ್ತಾ ಅಲ್ಲೇ ಸುತ್ತುತ್ತದಲ್ಲ, ಅದು ಕೊಲ್ಲುವ ಸುಳಿ. ಒಳಗೆ ಬಿದ್ದವರನ್ನು ಬಿಡುವುದಿಲ್ಲ. ನಮ್ಮ ನದಿಗಳಿಗೆ ಅಡ್ಡ ಕಟ್ಟಿದ ಸಣ್ಣ ಒಡ್ಡುಗಳ ಕೆಳಗೆ ಇರುವುದು ಇದೇ. ನೋಡಲು ಶಾಂತ, ಎತ್ತರ ಎದೆಮಟ್ಟ. ಹಾಗಾಗಿಯೇ ಜನ ಮೋಸ ಹೋಗುತ್ತಾರೆ. ಇನ್ನೊಂದು ಸುಳಿ ದೊಡ್ಡ ಬಂಡೆಯ ಬೆನ್ನಿಗೆ ಇರುತ್ತದೆ. ನೀರು ಬಂಡೆಯ ಎರಡೂ ಪಕ್ಕ ಹರಿದುಹೋಗಿ, ಹಿಂದಿನ ಖಾಲಿ ಜಾಗಕ್ಕೆ ಮೆಲ್ಲಗೆ ವಾಪಸ್ ಬರುತ್ತದೆ. ಅಲ್ಲಿ ದೋಣಿ ನಿಲ್ಲುತ್ತದೆ. ಸುತ್ತ ನೀರು ಬೊಬ್ಬೆ ಹೊಡೆಯುತ್ತಿದ್ದರೂ ಅಲ್ಲಿ ಕುಳಿತು ಮೂಗು ಒರೆಸಿಕೊಳ್ಳಬಹುದು.

ಆ ಎರಡನೇ ಸುಳಿಯೇ ಅಲ್ಲಿನವರ ಅರಳಿಕಟ್ಟೆ. ಒಂದು ಒಳ್ಳೇ ಅಲೆ ಇದೆ ಅಂದುಕೊಳ್ಳಿ. ಅದರ ಮೇಲೆ ಒಂದು ಸಲಕ್ಕೆ ಒಬ್ಬರೇ ಆಡಬಹುದು. ಉಳಿದವರು ಬಂಡೆಯ ಬೆನ್ನಿಗೆ ಸಾಲಾಗಿ ತಮ್ಮ ಸರದಿಗೆ ಕಾಯುತ್ತಾರೆ. ನಮ್ಮಲ್ಲಿ ಬೆಣ್ಣೆ ದೋಸೆ ಹೋಟೆಲ್ ಮುಂದೆ ಭಾನುವಾರ ಬೆಳಿಗ್ಗೆ ನಿಲ್ಲುತ್ತೇವಲ್ಲ, ಹಾಗೆ. ಕಾಯುವಾಗ ಸುಮ್ನೆ ಇರೋಕಾಗುತ್ತಾ? ಮಾತು ಶುರು. ಎಲ್ಲರ ತಲೆಗೂ ಹೆಲ್ಮೆಟ್, ಎಲ್ಲರ ಮುಖವೂ ಚಳಿಗೆ ಕೆಂಪು. ಯಾರು ಡಾಕ್ಟರು, ಯಾರು ಪ್ಲಂಬರು ಗೊತ್ತಾಗುವುದಿಲ್ಲ. ನನಗೆ ದೋಣಿ ಮಗುಚಿದಾಗ ಏಳುವುದನ್ನು ಕಲಿಸಿದವನು ಹದಿನಾರು ವರ್ಷದ ಹುಡುಗ. ನಾನು ಎರಡು ಮಕ್ಕಳ ತಂದೆ. ಅವನು ನನ್ನನ್ನು ಬೈದದ್ದೇ ಬೈದದ್ದು.

ಶನಿವಾರ ಸ್ಪರ್ಧೆ ಇದ್ದರೆ ಕಾಲುವೆಯ ಮೇಲೆ ತಂತಿ ಕಟ್ಟಿ, ಅದರಿಂದ ಜೋಡಿ ಜೋಡಿ ಕೋಲು ಇಳಿಬಿಡುತ್ತಾರೆ. ಹಸಿರು ಬಿಳಿ ಕೋಲುಗಳ ನಡುವೆ ನೀರಿನ ಜೊತೆ ಇಳಿಯಬೇಕು, ಕೆಂಪು ಬಿಳಿ ಇದ್ದರೆ ನೀರಿಗೆ ಎದುರಾಗಿ ಹತ್ತಬೇಕು. ಕೋಲು ಮುಟ್ಟಿದರೆ 2 ಸೆಕೆಂಡ್ ದಂಡ, ತಪ್ಪಿಸಿದರೆ 50. ಇದನ್ನು ನೋಡಿ ಬರೆದುಕೊಳ್ಳಲು ದಡದುದ್ದಕ್ಕೂ ಜನ ಬೇಕು. ಮಕ್ಕಳ ಅಪ್ಪ ಅಮ್ಮಂದಿರು, ವಯಸ್ಸಾದ ಹಳೇ ಆಟಗಾರರು, ಮಳೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಇಡೀ ದಿನ ಕೂರುತ್ತಾರೆ. ಸಂಬಳ ಇಲ್ಲ. ಒಂದು ಕಪ್ ಟೀ, ಯಾರೋ ಮನೆಯಲ್ಲಿ ಮಾಡಿ ತಂದ ಕೇಕು. ಆ ಟೀ ಬಗ್ಗೆ ನಾನೇನೂ ಹೇಳಲ್ಲ. ನಮ್ಮ ಮಂಡಕ್ಕಿ ಮಿರ್ಚಿ ಇದ್ದಿದ್ದರೆ ಇನ್ನೂ ನೂರು ಜನ ಬರುತ್ತಿದ್ದರು.

ಅಂದಹಾಗೆ ಜೋರು ಮಳೆ ಬಂದ ಮರುದಿನ ತಿಳಿದವರು ಆ ನೀರಿಗೆ ಇಳಿಯುವುದಿಲ್ಲ. ಮೇಲಿನ ಊರುಗಳ ಚರಂಡಿ ನೀರು ನದಿಗೆ ಸೇರಿರುತ್ತದೆ. ಇಂಗ್ಲೆಂಡಿನಲ್ಲೂ ಹೀಗಾ ಅಂತ ಕೇಳಬೇಡಿ, ಹೀಗೇ. ಇಳಿದವರು ದಡಕ್ಕೆ ಬಂದ ಕೂಡಲೇ ಒಂದು ಕೋಲಾ ಕುಡಿಯುತ್ತಾರೆ. ಅದು ಹೊಟ್ಟೆಯ ಕ್ರಿಮಿ ಕೊಲ್ಲುತ್ತದಂತೆ. ಮೂಢನಂಬಿಕೆ ನಮ್ಮೊಬ್ಬರದೇ ಸೊತ್ತಲ್ಲ.

ಈಗ ದಾನದ ವಿಷಯಕ್ಕೆ ಬರುತ್ತೇನೆ. ಒಂದು ದಿನ ನನ್ನ ಆಫೀಸಿನಲ್ಲಿ ಹೆಣ್ಣುಮಗಳೊಬ್ಬಳು ಒಂದು ಹಾಳೆ ಹಿಡಿದು ಬಂದಳು. ತಾನೂ ತನ್ನ ಗೆಳತಿಯರೂ ರಾಫ್ಟ್‌ನಲ್ಲಿ, ಅಂದರೆ ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ, ಆ ಕಾಲುವೆ ಇಳಿಯುತ್ತೇವೆ, ನೀನೆಷ್ಟು ಕೊಡುತ್ತೀಯ ಅಂತ. ನನಗೆ ಅರ್ಥವಾಗಲಿಲ್ಲ. ನೀನು ಇಳಿದರೆ ನಾನ್ಯಾಕೆ ದುಡ್ಡು ಕೊಡಲಿ? ಆಮೇಲೆ ತಿಳಿಯಿತು. ಅವಳ ತಾಯಿಯನ್ನು ಕೊನೆಗಾಲದಲ್ಲಿ ನೋಡಿಕೊಂಡ ಆರೈಕೆ ಮನೆಗೆ ಹಣ ಕೂಡಿಸುತ್ತಿದ್ದಳು. ಅವಳಿಗೆ ನೀರು ಕಂಡರೆ ಆಗದು. ಆಗದಿರುವುದನ್ನೇ ಮಾಡುತ್ತೇನೆ, ಅದಕ್ಕೆ ನೀವು ಕೈಲಾದಷ್ಟು ಕೊಡಿ ಅನ್ನುವುದು ಲೆಕ್ಕ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಒಂದೇ ಮಾತಿಗೆ ‘ಅದು ಹರಕೆ ಕಣ್ರೀ’ ಅಂದಳು. ನಿಜ ಅಲ್ವಾ? ದುಗ್ಗಮ್ಮನ ಗುಡಿಯ ಸುತ್ತ ಉರುಳು ಸೇವೆ ಮಾಡುವವರು ಮೈ ನೋಯಿಸಿಕೊಳ್ಳುವುದು ಮಗುವಿಗೆ ಹುಷಾರಾಗಲಿ ಅಂತ. ಇಂಗ್ಲೆಂಡಿನಲ್ಲಿ ಹರಕೆ ಹೊತ್ತವರಿಗೆ ನೆರೆಹೊರೆಯವರು ಲೆಕ್ಕ ಬರೆದು ಕಾಸು ಕೊಡುತ್ತಾರೆ. ನಾನು ಆ ಭಾನುವಾರ ನೋಡಲು ಹೋದೆ. ಬ್ಯಾಂಕಿನವರ ಒಂದು ರಾಫ್ಟು, ಆಸ್ಪತ್ರೆಯ ನರ್ಸ್‌ಗಳದ್ದು ಒಂದು, ಅಗ್ನಿಶಾಮಕದವರದ್ದು ಒಂದು. ಗಂಡಸರು ಮದುವೆ ಹೆಣ್ಣಿನ ಬಿಳಿ ಗೌನ್ ಹಾಕಿಕೊಂಡು ಬಂದಿದ್ದರು. ಎರಡನೇ ತಿರುವಿನಲ್ಲಿ ಆ ಹೆಣ್ಣುಮಗಳ ರಾಫ್ಟು ಮಗುಚಿತು. ದಡದಲ್ಲಿ ಹಳದಿ ಜಾಕೆಟ್ ಹಾಕಿ ನಿಂತಿದ್ದ ಒಬ್ಬ ಮುದುಕ ‘ಹಗ್ಗ’ ಅಂತ ಕೂಗಿ ಒಂದು ಸಣ್ಣ ಚೀಲ ಎಸೆದ. ಚೀಲದಿಂದ ಹಗ್ಗ ಬಿಚ್ಚಿಕೊಳ್ಳುತ್ತಾ ಹೋಗಿ ಸರಿಯಾಗಿ ಅವಳ ಭುಜದ ಮೇಲೆ ಬಿತ್ತು. ಹತ್ತು ಎಣಿಸುವಷ್ಟರಲ್ಲಿ ಅವಳು ದಡದಲ್ಲಿ. ಯಾರೂ ಗಾಬರಿಯಾಗಲಿಲ್ಲ, ಚಪ್ಪಾಳೆ ಹೊಡೆದರು. ನಾನು ಮಾತ್ರ ಆ ಮುದುಕನನ್ನೇ ನೋಡುತ್ತಾ ನಿಂತೆ. ಅದಕ್ಕೆ ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಬಾತುಕೋಳಿ ಓಟ ಅಂತ ಇನ್ನೊಂದಿದೆ. ಹಳದಿ ರಬ್ಬರ್ ಬಾತುಗಳ ಹೊಟ್ಟೆಗೆ ನಂಬರ್ ಬರೆದು, ಒಂದೊಂದಕ್ಕೆ ಒಂದು ಪೌಂಡ್ ಎರಡು ಪೌಂಡ್ ತೆಗೆದುಕೊಂಡು, ಎಲ್ಲವನ್ನೂ ಒಟ್ಟಿಗೆ ನೀರಿಗೆ ಸುರಿಯುತ್ತಾರೆ. ಮೊದಲು ಕೆಳಗೆ ಮುಟ್ಟಿದ ಬಾತಿನ ಯಜಮಾನನಿಗೆ ಬಹುಮಾನ, ಉಳಿದ ದುಡ್ಡು ಶಾಲೆಗೋ ಆಸ್ಪತ್ರೆಗೋ. ಕೊನೆಯಲ್ಲಿ ಬಲೆ ಕಟ್ಟಿ ಒಂದೂ ತಪ್ಪಿಸಿಕೊಳ್ಳದಂತೆ ಹಿಡಿಯುತ್ತಾರೆ. ಹಿಡಿಯದಿದ್ದರೆ ಏನಾಗುತ್ತದೆ ಅಂತ ಜಗತ್ತಿಗೆ ಗೊತ್ತಿದೆ. 1992ರಲ್ಲಿ ಪೆಸಿಫಿಕ್ ಸಾಗರದಲ್ಲಿ ಹಡಗಿನಿಂದ ಒಂದು ಕಂಟೇನರ್ ಬಿದ್ದು 28 ಸಾವಿರಕ್ಕೂ ಹೆಚ್ಚು ಪ್ಲಾಸ್ಟಿಕ್ ಆಟಿಕೆಗಳು ಸಮುದ್ರ ಸೇರಿದವು, ಬಾತು, ಆಮೆ, ಕಪ್ಪೆ ಎಲ್ಲಾ. ಅವು ಎಲ್ಲೆಲ್ಲಿ ದಡ ಮುಟ್ಟಿದವು ಅಂತ ವರ್ಷಗಟ್ಟಲೆ ಬರೆದಿಟ್ಟು ವಿಜ್ಞಾನಿಗಳು ಸಾಗರದ ಪ್ರವಾಹಗಳನ್ನು ಅರಿತುಕೊಂಡರು. ವಿಷಯ ಎಲ್ಲಿಗೋ ಹೋಯಿತು, ಇರಲಿ.

ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತೇವೆ. ನಿಜವಾದ ಮ್ಯಾಂಚೆಸ್ಟರಿನ ಒಂದು ಕಥೆ ನಮಗೆ ಗೊತ್ತಿರಬೇಕು. 1886ರ ಡಿಸೆಂಬರ್. ಇಂಗ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಬಿರುಗಾಳಿಗೆ ‘ಮೆಕ್ಸಿಕೊ’ ಅನ್ನುವ ಜರ್ಮನ್ ಹಡಗು ಸಿಕ್ಕಿಕೊಂಡಿತು. ಅದರವರನ್ನು ಕರೆತರಲು ಮೂರು ಊರುಗಳಿಂದ ಮೂರು ರಕ್ಷಣಾ ದೋಣಿಗಳು ಹೊರಟವು. ಹುಟ್ಟು ಹಾಕಿದವರೆಲ್ಲ ಸ್ವಯಂಸೇವಕರು, ಹೆಚ್ಚಿನವರು ಮೀನುಗಾರರು. ಒಂದು ದೋಣಿ ಹಡಗಿನ 12 ಜನರನ್ನೂ ಉಳಿಸಿತು. ಉಳಿದೆರಡು ಮಗುಚಿದವು. ಉಳಿಸಲು ಹೋದ 27 ಜನ ಸತ್ತರು. 16 ಹೆಂಗಸರು ವಿಧವೆಯರಾದರು, 50 ಮಕ್ಕಳು ತಬ್ಬಲಿಯಾದವು.

ಆ ಕರಾವಳಿಯಲ್ಲಿ ಚಾರ್ಲ್ಸ್ ಮಕಾರಾ ಅನ್ನುವವರ ಮನೆಯಿತ್ತು. ಮ್ಯಾಂಚೆಸ್ಟರಿನ ಹತ್ತಿ ಉದ್ಯಮಿ. ರಕ್ಷಣಾ ದೋಣಿಗಳ ಸಂಸ್ಥೆ 1824ರಿಂದಲೂ ಇತ್ತು, ಆದರೆ ಅದು ನಡೆಯುತ್ತಿದ್ದದ್ದು ಕೆಲವೇ ಸಿರಿವಂತರ ದಾನದಿಂದ. ಮಕಾರಾ ಯೋಚಿಸಿದ್ದು ಬೇರೆ. 1891ರ ಅಕ್ಟೋಬರಿನಲ್ಲಿ ಒಂದು ಶನಿವಾರ ರಕ್ಷಣಾ ದೋಣಿಗಳನ್ನೇ ಮ್ಯಾಂಚೆಸ್ಟರಿನ ಬೀದಿಗೆ ತಂದರು. ಬ್ಯಾಂಡ್ ಸೆಟ್, ಮೆರವಣಿಗೆ, ದೋಣಿಯೊಳಗೆ ಬದುಕಿ ಬಂದ ನಾವಿಕರು. ಸಮುದ್ರ ನೋಡದ ಗಿರಣಿ ಕೂಲಿಯವರು ರಸ್ತೆಯ ಎರಡೂ ಕಡೆ ನಿಂತರು. ಮಹಡಿಯ ಕಿಟಕಿಗಳಿಗೂ ಟ್ರಾಮಿನ ಮೇಲಿನ ಸೀಟಿಗೂ ಕೈ ಎಟುಕಬೇಕಲ್ಲ? ಉದ್ದ ಕೋಲಿನ ತುದಿಗೆ ಚೀಲ ಕಟ್ಟಿ ಚಾಚಿದರು. ಆ ಒಂದೇ ದಿನ ಐದು ಸಾವಿರ ಪೌಂಡಿಗಿಂತ ಹೆಚ್ಚು ಬಂತು. ಬೀದಿಯಲ್ಲಿ ನಿಂತು ಸಾಮಾನ್ಯ ಜನರಿಂದ ದಾನ ಕೂಡಿಸಿದ ಮೊದಲ ದಾಖಲೆ ಅಂತ ಇದನ್ನೇ ಹೇಳುತ್ತಾರೆ. ಇವತ್ತು ನಮ್ಮ ಸಿಗ್ನಲ್‌ಗಳಲ್ಲಿ ಡಬ್ಬಿ ಅಲ್ಲಾಡಿಸುವ ಹುಡುಗರ ಮುತ್ತಜ್ಜ ಒಬ್ಬ ಹತ್ತಿ ಗಿರಣಿಯವ. ಆ ಸಂಸ್ಥೆ ಈಗಲೂ ಮುಖ್ಯವಾಗಿ ಜನರ ದಾನದಿಂದಲೇ ನಡೆಯುತ್ತಿದೆ, ದೋಣಿ ಹತ್ತುವವರಲ್ಲಿ ಬಹುಪಾಲು ಈಗಲೂ ಸ್ವಯಂಸೇವಕರೇ.

ದಾನ ನಮಗೆ ಹೊಸದಲ್ಲ. ಈ ಊರಿನ ವರ್ತಕರು ಛತ್ರ ಕಟ್ಟಿಸಿದ್ದಾರೆ, ಹಾಸ್ಟೆಲ್ ಕಟ್ಟಿಸಿದ್ದಾರೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಯಾವ ಮನೆಗೆ ಹೋದರೂ ಊಟ ಹಾಕುತ್ತಾರೆ, ಯಾರು ಏನು ಅಂತ ಕೇಳುವುದಿಲ್ಲ. ಅನ್ನಕ್ಕೆ ಕೊಡುತ್ತೇವೆ, ಗುಡಿಗೆ ಕೊಡುತ್ತೇವೆ, ಓದಿಗೆ ಕೊಡುತ್ತೇವೆ. ಆದರೆ ಭದ್ರಾ ನಾಲೆಯ ದಡದಲ್ಲಿ ಒಂದು ಹಗ್ಗ ಇಡಲು ಯಾರಾದರೂ ಕೊಟ್ಟದ್ದನ್ನು ನಾನು ನೋಡಿಲ್ಲ.

ಬೇರೆ ಕಡೆಯ ಒಂದೆರಡು ಸಂಗತಿ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ಕೊಲೊರಾಡೊದಲ್ಲಿ ಸಲೈಡಾ ಅನ್ನುವ ಸಣ್ಣ ಊರಿದೆ, ನಮ್ಮ ಒಂದು ಹೋಬಳಿ ಊರಿನಷ್ಟು. ಅಲ್ಲಿ 1949ರಿಂದ ನದಿಯ ಹಬ್ಬ ನಡೆಯುತ್ತಿದೆ. ದೋಣಿ ಅಲ್ಲದ ಯಾವುದನ್ನಾದರೂ ತೇಲಿಸಿಕೊಂಡು ಬನ್ನಿ ಅನ್ನುವ ಸ್ಪರ್ಧೆಗೇ ಅಲ್ಲಿ ಜನ ಜಾಸ್ತಿ. ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಕಯಾಕ್ ಅನ್ನುವ ಸಣ್ಣ ಕಿರಿದಾದ ದೋಣಿ ನಡೆಸುವುದನ್ನು ಕಲಿಸಲು 2004ರಲ್ಲಿ ‘ಟೀಮ್ ರಿವರ್ ರನ್ನರ್’ ಶುರುವಾಯಿತು. ಕ್ಯಾನ್ಸರ್ ಬಂದ ಚಿಕ್ಕ ವಯಸ್ಸಿನವರನ್ನು ನೀರಿಗೆ ಕರೆದೊಯ್ಯಲು ಬ್ರಾಡ್ ಲಡನ್ ಅನ್ನುವ ಕಯಾಕ್ ಆಟಗಾರ 2001ರಲ್ಲಿ ‘ಫಸ್ಟ್ ಡಿಸೆಂಟ್ಸ್’ ಕಟ್ಟಿದ. ಅಷ್ಟು ದೂರ ಯಾಕೆ, ಪಕ್ಕದ ಕೇರಳದಲ್ಲಿ ಕೋಳಿಕ್ಕೋಡಿನ ಹಳ್ಳಿಗಳಲ್ಲಿ ಮಳೆಗಾಲಕ್ಕೆ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ. ಹಳ್ಳಿಯವರೇ ಸೇತುವೆ ಮೇಲೆ ನಿಂತು ಕೇಕೆ ಹಾಕುತ್ತಾರೆ.

ಎಲ್ಲ ಒಳ್ಳೆಯದೇ ಅಂತ ನಾನು ಹೇಳುತ್ತಿಲ್ಲ. ವೇಲ್ಸ್‌ನಲ್ಲಿ ಟ್ರೈವೆರಿನ್ ಅನ್ನುವ ನದಿ. ಅಲ್ಲೂ ದೊಡ್ಡ ನೊರೆನೀರಿನ ಕೇಂದ್ರ ಇದೆ. ಬೇಸಿಗೆಯಲ್ಲಿ ಬೇರೆ ನದಿ ಒಣಗಿದರೂ ಅಲ್ಲಿ ನೀರು ಇರುತ್ತದೆ, ಯಾಕೆಂದರೆ ಮೇಲೆ ಅಣೆಕಟ್ಟು. ಆ ಅಣೆಕಟ್ಟು ಕಟ್ಟಿದ್ದು ಲಿವರ್‌ಪೂಲ್ ನಗರಕ್ಕೆ ನೀರು ಕೊಡಲು. ಅದರಲ್ಲಿ 1965ರಲ್ಲಿ ಕಾಪೆಲ್ ಕೆಲಿನ್ ಅನ್ನುವ ಹಳ್ಳಿ ಮುಳುಗಿತು, ಶಾಲೆ, ಪೋಸ್ಟ್ ಆಫೀಸು, ಪ್ರಾರ್ಥನಾ ಮಂದಿರ ಎಲ್ಲ. ವೆಲ್ಷ್ ಭಾಷೆ ಬಿಟ್ಟರೆ ಮನೆಯಲ್ಲಿ ಬೇರೆ ಮಾತಾಡದ ಜನ ಅವರು. ವೇಲ್ಸಿನ ಸಂಸದರು ಹೆಚ್ಚುಕಡಿಮೆ ಎಲ್ಲರೂ ಬೇಡ ಅಂದರೂ ಸಂಸತ್ತು ಒಪ್ಪಿಗೆ ಕೊಟ್ಟಿತು. ಲಿವರ್‌ಪೂಲ್ ಕ್ಷಮೆ ಕೇಳಿದ್ದು 2005ರಲ್ಲಿ. ನಾನು ಅಲ್ಲಿ ಒಂದು ದಿನ ರಾಫ್ಟಿನಲ್ಲಿ ಕೂತಿದ್ದೆ. ಮಜಾ ಬಂತು, ಸುಳ್ಳು ಹೇಳಲ್ಲ. ಸಂಜೆ ಕೆರೆಯ ದಂಡೆಗೆ ಹೋಗಿ ನಿಂತಾಗ ಆ ಮಜಾ ಇಳಿದುಹೋಯಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಡ್ಡಕಟ್ಟಿದಾಗಲೂ ಊರುಗಳು ಮುಳುಗಿದವು. ಆ ನೀರಿನಲ್ಲೇ ನಾವು ಭತ್ತ ಬೆಳೆದು ದೊಡ್ಡವರಾದೆವು.

ಹಾಗಾದರೆ ದಾವಣಗೆರೆಗೂ ಅಂಥ ಪಾರ್ಕು ಬೇಕು ಅಂತೀಯಾ ಅಂತ ಕೇಳಿದರೆ, ಬೇಡ ಅಂತೀನಿ. ಗದ್ದೆಗೆ ನೀರು ಸಾಲದ ಕಡೆ ಆಟಕ್ಕೆ ನೀರು ಕೇಳುವ ಧೈರ್ಯ ನನಗಿಲ್ಲ. ನಮಗೆ ಬೇಕಾದದ್ದು ಆ ಕಾಲುವೆಯ ದಡದಲ್ಲಿದ್ದ ಮುದುಕ.

ಆಗ ಹೇಳುತ್ತೇನೆ ಅಂದೆನಲ್ಲ, ಈಗ ಕೇಳಿ. ನನಗೆ ಹನ್ನೊಂದು ವರ್ಷ. ಬೇಸಿಗೆ ರಜೆ, ಸೋದರಮಾವನ ಊರು, ನಾಲೆ ತುಂಬ ನೀರು. ನಮ್ಮ ಗುಂಪಿನ ದೊಡ್ಡ ಹುಡುಗ ಒಬ್ಬ ಕಾಲು ತೊಳೆಯಲು ಇಳಿದ. ನಾಲೆಯ ಪಕ್ಕೆ ಸಿಮೆಂಟಿನ ಇಳಿಜಾರು, ಅದರ ಮೇಲೆ ಪಾಚಿ. ಜಾರಿದ. ಅವನ ಅಣ್ಣ ಹಿಂದೆ ಮುಂದೆ ನೋಡದೆ ಹಾರಿದ. ಇಬ್ಬರಿಗೂ ಅಷ್ಟಿಷ್ಟು ಈಜು ಬರುತ್ತಿತ್ತು. ದಡ ಮೂರು ಅಡಿ ದೂರದಲ್ಲೇ ಇತ್ತು, ಹಿಡಿಯಲು ಮಾತ್ರ ಏನೂ ಇರಲಿಲ್ಲ. ಉಗುರು ಕಿತ್ತುಹೋಗುವಂತೆ ಕೆರೆದುಕೊಳ್ಳುತ್ತಾ ಹೋಗುತ್ತಿದ್ದರು. ದಡದಲ್ಲಿ ನಾವು ಮೂವತ್ತು ಜನ ಓಡುತ್ತಿದ್ದೆವು, ಕೂಗುತ್ತಿದ್ದೆವು. ಯಾರೋ ಪಂಚೆ ಬಿಚ್ಚಿ ಎಸೆದರು, ಸಾಲಲಿಲ್ಲ. ಸೇತುವೆ ಹತ್ತಿರ ಹುಲ್ಲಿನ ಲೋಡ್ ಹಾಕಿದ್ದ ಲಾರಿ ನಿಂತಿತ್ತು. ಡ್ರೈವರ್ ಲೋಡಿನ ಹಗ್ಗ ಬಿಚ್ಚಿ ಎಸೆದ. ತಮ್ಮ ಹಿಡಿದುಕೊಂಡ. ಅಣ್ಣ ಸೇತುವೆ ದಾಟಿದ್ದ.

ಮೂವತ್ತು ಜನ ಇದ್ದೆವು. ಹಗ್ಗ ಇದ್ದದ್ದು ಒಬ್ಬನ ಹತ್ತಿರ, ಅದೂ ಹುಲ್ಲಿಗೆ ಕಟ್ಟಿದ್ದು.

ಆ ನೊರೆನೀರಿನ ಕಾಲುವೆಯೂ ಕಾಂಕ್ರೀಟೇ. ನೀರು ನಮ್ಮ ನಾಲೆಗಿಂತ ಎಷ್ಟೋ ಜೋರು. ಆದರೆ ಅಲ್ಲಿ ಅಲ್ಲಲ್ಲಿ ನಿಲ್ಲಲು ಬಂಡೆಯ ಮರೆ ಇದೆ, ಹತ್ತಿ ಬರಲು ಜಾಗ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ನೋಡುವ ಕಣ್ಣುಗಳಿವೆ. ನಾಲೆ ಕಟ್ಟಿದವರ ಲೆಕ್ಕದಲ್ಲಿ ಇದ್ದದ್ದು ನೀರು ಮಾತ್ರ, ಒಳಗೆ ಮನುಷ್ಯ ಬಿದ್ದರೆ ಅನ್ನುವುದು ಆ ಲೆಕ್ಕದಲ್ಲಿ ಬರಲಿಲ್ಲ. 2022ರ ಒಂದೇ ವರ್ಷ ನಮ್ಮ ದೇಶದಲ್ಲಿ ಮುಳುಗಿ ಸತ್ತವರು 38 ಸಾವಿರಕ್ಕಿಂತ ಹೆಚ್ಚು, ಇದು ಸರ್ಕಾರದ್ದೇ ದಾಖಲೆ. ಜುಲೈ 25ನ್ನು ಮುಳುಗು ಸಾವು ತಡೆಯುವ ದಿನ ಅಂತ ವಿಶ್ವಸಂಸ್ಥೆ 2021ರಲ್ಲಿ ಘೋಷಿಸಿದೆ. ಆ ದಿನ ನಮ್ಮ ಊರಿನಲ್ಲಿ ಒಂದು ಬ್ಯಾನರ್ ಕೂಡ ಕಾಣುವುದಿಲ್ಲ. ಬ್ಯಾನರಿಗೆ ನಮ್ಮಲ್ಲಿ ಬರವೇ?

ಜಾತ್ರೆ ಸಮಿತಿಯವರು ಇಲ್ಲಿದ್ದೀರಿ, ಯುವಕ ಸಂಘದವರು ಇದ್ದೀರಿ. ಗಣೇಶನನ್ನು ಬಿಡಲು ಹರಿಹರದ ಹೊಳೆಗೋ ಕೆರೆಗೋ ಹೋಗುತ್ತೀರಿ. ಡಿಜೆ ಲೆಕ್ಕದಲ್ಲಿ ಒಂದು ಸಣ್ಣ ಪಾಲು ಹಗ್ಗಕ್ಕೆ ತೆಗೆದಿಡಿ ಅಂತ ಕೇಳಲು ಬಂದಿದ್ದೇನೆ. ಹಗ್ಗ ನೂಲಿನದ್ದು ಬೇಡ, ನೀರು ಕುಡಿದು ಮುಳುಗುತ್ತದೆ. ಹತ್ತಿ ಊರಿನಲ್ಲಿ ನಿಂತು ಹೀಗೆ ಹೇಳುತ್ತಿದ್ದೇನೆ, ಕ್ಷಮಿಸಿ. ಲಗೇಜ್ ಕಟ್ಟುವ ಹಗುರ ಪ್ಲಾಸ್ಟಿಕ್ ಹಗ್ಗ ತೇಲುತ್ತದೆ. ಇಪ್ಪತ್ತು ಮೀಟರ್ ಸಾಕು. ಅದನ್ನು ಸುತ್ತಬೇಡಿ, ಚೀಲದೊಳಗೆ ಸುಮ್ನೆ ತುರುಕುತ್ತಾ ಹೋಗಿ. ಸುತ್ತಿದ ಹಗ್ಗ ಎಸೆದರೆ ಗಂಟು ಬೀಳುತ್ತದೆ, ತುರುಕಿದ್ದು ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಚೀಲ ಇಲ್ಲದಿದ್ದರೆ ಐದು ಲೀಟರ್ ಎಣ್ಣೆ ಕ್ಯಾನಿಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿದು ಹಗ್ಗದ ತುದಿಗೆ ಕಟ್ಟಿ. ಆ ತೂಕಕ್ಕೆ ದೂರ ಹೋಗುತ್ತದೆ, ತೇಲುತ್ತದೆ, ಹಿಡಿದುಕೊಳ್ಳಲೂ ಆಗುತ್ತದೆ.

ಎಸೆಯುವವರು ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ. ಕಾಲು ಅಗಲಿಸಿ ಗಟ್ಟಿಯಾಗಿ ನಿಂತು, ಮೊದಲು ‘ಹಗ್ಗ’ ಅಂತ ಗಂಟಲು ಹರಿಯುವಂತೆ ಕೂಗಿ. ಬಿದ್ದವನು ತಿರುಗಿ ನೋಡಬೇಕು. ಆಮೇಲೆ ಅವನನ್ನು ದಾಟಿ ಬೀಳುವ ಹಾಗೆ ಎಸೆಯಿರಿ. ಎಷ್ಟೇ ಕರುಳು ಕಿತ್ತು ಬಂದರೂ ಹಾರಬೇಡಿ. ನಮ್ಮ ಕಡೆ ಒಂದೇ ಮನೆಯ ಇಬ್ಬರು, ಮೂವರು ಹೋಗುವುದು ಹೀಗೇ.

ಹೊರಗೆ ಮೈದಾನದಲ್ಲಿ ಆರು ಚೀಲ ಇಟ್ಟಿದ್ದೇನೆ. ಹದಿನೈದು ಹೆಜ್ಜೆ ದೂರದಲ್ಲಿ ನಾಲ್ಕು ಪ್ಲಾಸ್ಟಿಕ್ ಕೊಡಗಳನ್ನು ಸಾಲಾಗಿ ನಿಲ್ಲಿಸಿದ್ದೇವೆ. ಒಬ್ಬೊಬ್ಬರು ಮೂರು ಸಲ ಎಸೆಯಬೇಕು, ಅಮ್ಮಂದಿರೂ ಸೇರಿ. ಮೊದಲ ಸಲಕ್ಕೆ ಯಾರದೂ ಗುರಿ ಮುಟ್ಟುವುದಿಲ್ಲ, ನಾಚಿಕೊಳ್ಳಬೇಡಿ. ನನ್ನ ಮೊದಲ ಚೀಲ ಹಿಂದಿದ್ದ ಮರದ ಕೊಂಬೆಗೆ ಸಿಕ್ಕಿಕೊಂಡಿತ್ತು. ಅದನ್ನು ಇಳಿಸಲು ಆ ಮುದುಕ ಏಣಿ ತರಬೇಕಾಯಿತು.